ಜೋಡಿಗಾಜಿನಾಚೆ

ಪರದೆ ಅಲ್ಲಾಡುತ್ತಿಲ್ಲ, ಗಾಳಿ ನಿಂತಿತೇನೋ ಅಂದುಕೊಂಡೆ, ಇಲ್ಲ, ಅಗೋ ಶೆಡ್ಡಿನ ಮೇಲೆ ಕಡಲಹಕ್ಕಿಯೊಂದು ಮುಂದಕ್ಕೆ ರೆಕ್ಕೆ ಬಡಿಯುತ್ತ ಹಿಂದಕ್ಕೆ ಹೋಗುತ್ತಿದೆ, ಹಗ್ಗದ ಮೇಲೆ ನನ್ನ ಗಂಡ ಟಾರ್ಕಿಲ್‌ನ ಉಣ್ಣೆಯ ಅಂಗಿ ಎರಡೂ ತೋಳೆತ್ತಿ ಯಾರನ್ನೋ ಕರೆಯುವ ಹಾಗೆ ಹಾರಾಡುತ್ತಿದೆ, ಕರೆಯಲಿ, ನನಗೇನೂ ಕೇಳಿಸುವುದಿಲ್ಲ, ಇದೇ ನನಗೆ ಬೇಕಾಗಿದ್ದದ್ದು, ಫೆಬ್ರವರಿಯ ಗಾಳಿ ತನ್ನ ಪಾಡಿಗೆ ಹೊರಗೆ, ನಾನು ನನ್ನ ಪಾಡಿಗೆ ಒಳಗೆ, ನಡುವೆ ಈ ವಾರ ಒಂದೊಂದೇ ಕೋಣೆ ಮುಗಿಸಿ ನಿನ್ನೆ ಸಂಜೆ ಅಡುಗೆಮನೆಗೂ ಕಾರ್ಲೋ ಬಡಗಿ ಕೂರಿಸಿ ಹೋದ ಜೋಡಿಗಾಜು, ನೋಡಲು ಒಂದೇ ಹಾಳೆ, ಆದರೆ ಎರಡು, ಎರಡರ ನಡುವೆ ಬೆರಳಿನಷ್ಟು ದಪ್ಪದ ಒಣಗಾಳಿ, ಅದು ಆಚೆಗೂ ಹೋಗುವುದಿಲ್ಲ ಈಚೆಗೂ ಬರುವುದಿಲ್ಲ, ನಿಂತಲ್ಲೇ ನಿಂತು ಮನೆ ಕಾಯುತ್ತದೆ ಅಂದಿದ್ದರು ಕಾರ್ಲೋ, ಹಾಗೇ ಕಾಯುತ್ತಿದೆ, ಹಿಟ್ಟು ನಾದುತ್ತ ನಿಂತ ನನ್ನ ಮೊಣಕೈಗೆ ಈ ಹೊತ್ತಿಗೆ ಕಿಟಕಿಯ ಕಡೆಯಿಂದ ತಣ್ಣಗೆ ಕೊಯ್ಯಬೇಕಿತ್ತು, ಕೊಯ್ಯುತ್ತಿಲ್ಲ, ಹಾಲು ಬಿಸಿಯಾಗಿಯೇ ಇದೆ, ಹಿಟ್ಟು ಬೇಗ ಉಬ್ಬುತ್ತದೆ ಇವತ್ತು. ಮಗು ಅಸ್ಗರನನ್ನು ಈಗಷ್ಟೇ ಮಲಗಿಸಿ ಬಂದೆ, ಹೊರಗೆ, ಈ ಕಿಟಕಿಯ ಕೆಳಗೇ, ತಳ್ಳುಗಾಡಿಯಲ್ಲಿ, ಅಡಿಯಲ್ಲಿ ಕುರಿಯ ಚರ್ಮ, ಮೇಲೆ ಗರಿ ತುಂಬಿದ ಹೊದಿಕೆ, ಕಿವಿ ಮುಚ್ಚುವ ಟೊಪ್ಪಿ, ಉರುಳಿ ಬೀಳದಂತೆ ಎದೆಗೆ ಬಿಗಿದ ಪಟ್ಟಿ, ಗಾಡಿಯ ಬೆನ್ನು ಗಾಳಿಗೆ, ಮುಖ ನನಗೆ, ಈ ಊರಿನ ಮಕ್ಕಳೆಲ್ಲ ಹಗಲು ಮಲಗುವುದು ಹೊರಗೇ, ಹಿಮ ಬಿದ್ದರೂ ಹೊರಗೇ, ಟಾರ್ಕಿಲ್ ಕೂಡ ಮಗುವಾಗಿದ್ದಾಗ ಇದೇ ಗೋಡೆಯ ಮರೆಯಲ್ಲಿ ಮಲಗಿದ್ದನಂತೆ, ತೂಕ ನೋಡಲು ಬರುವ ದಾದಿಯೂ ಅದನ್ನೇ ಹೇಳುತ್ತಾಳೆ, ಹೊರಗಿನ ನಿದ್ದೆ ಹಸಿವು ತರುತ್ತದೆ, ಕೆನ್ನೆಗೆ ಬಣ್ಣ ತರುತ್ತದೆ, ತಾಯಿ ಅಡುಗೆಮನೆಯಲ್ಲಿ ಇದ್ದರಾಯಿತು, ಮಗು ಒಂದು ಸಲ ಕೊಸರಿದರೆ ಅವಳಿಗೆ ಕೇಳಿಸುತ್ತದೆ. ಹಳೆಯ ಕಿಟಕಿಯಲ್ಲಿ ಗಾಡಿಯ ಸ್ಪ್ರಿಂಗು ಕಿರುಗುಟ್ಟಿದ್ದೂ ಕೇಳಿಸುತ್ತಿತ್ತು. ಇದರಲ್ಲಿ ಕೇಳಿಸತ್ತಾ ವಿಬೆಕೆ, ಅಂತ ಫಾರ್‌ಮೋರ್ ಕೇಳಿದ್ದರು, ಟಾರ್ಕಿಲ್‌ನ ಅಮ್ಮ, ಮಕ್ಕಳಿಗೆ ಅವರು ಫಾರ್‌ಮೋರ್, ಅಪ್ಪನ ಅಮ್ಮ, ಕೇಳಿ ಕೇಳಿ ನಾನೂ ಹಾಗೇ ಕರೆಯತೊಡಗಿ ಎಷ್ಟೋ ವರ್ಷವಾಯಿತು, ಗಾಜು ಕೂರಿಸಿದ ಮೇಲೆ ಅವರು ಕೇಳಿದ್ದು ಅದೊಂದೇ ಪ್ರಶ್ನೆ, ಮಗು ಅತ್ತರೆ ಕೇಳಿಸತ್ತಾ, ಕೇಳಿಸದೆ ಏನು ಫಾರ್‌ಮೋರ್, ಅಂದೆ, ಅವನು ಬಾಯಿ ತೆಗೆಯೋದಕ್ಕೂ ಮುಂಚೆ ನನ್ನ ಎದೆಗೆ ಗೊತ್ತಾಗತ್ತೆ, ಹಾಲು ಇಳಿಯತ್ತೆ, ಗಾಜು ಅದನ್ನ ತಡೆಯತ್ತಾ. ಅವರು ಹೆಣಿಗೆಯ ಕೊಂಡಿ ತಪ್ಪಿತೆಂದು ಕನ್ನಡಕ ಹಾಕಿಕೊಂಡರು.

ನಾದು, ಮಡಿಸು, ತಿರುಗಿಸು, ಮತ್ತೆ ನಾದು, ಏಲಕ್ಕಿ ಸ್ವಲ್ಪ ಜಾಸ್ತಿಯೇ ಬಿತ್ತು, ಬೀಳಲಿ, ಕಾರ್ಲೋಗೆ ಏಲಕ್ಕಿ ಬನ್ನು ಇಷ್ಟ, ಕಾಫಿಯ ಹೊತ್ತಿಗೆ ಬರುತ್ತೇನೆ ಅಂದಿದ್ದಾರೆ, ಹೊಸ ಚೌಕಟ್ಟಿಗೆ ಬಣ್ಣ ಬಳಿದು, ಶೆಡ್ಡಿಗೆ ಒರಗಿಸಿಟ್ಟ ಹಳೆಯ ಕಿಟಕಿಯನ್ನು ಸೌದೆಗೆ ಒಯ್ಯುತ್ತಾರಂತೆ, ಒಯ್ಯಲಿ, ಪೀಡೆ ಕಳೆಯಿತು, ಅದರ ಪುಟ್ಟ ಪುಟ್ಟ ಗಾಜುಗಳನ್ನು ಎಷ್ಟು ಒರೆಸಿದೆ ನಾನು ಈ ಮನೆಗೆ ಬಂದಾಗಿನಿಂದ, ಒಂದೊಂದಕ್ಕೂ ನಾಲ್ಕು ಮೂಲೆ, ಮೂಲೆಮೂಲೆಯಲ್ಲೂ ಉಪ್ಪು, ಕಡಲಿನದು, ಶರತ್ಕಾಲ ಬಂತೆಂದರೆ ಅಟ್ಟದಿಂದ ಒಳಗಿನ ಚೌಕಟ್ಟು ಇಳಿಸುವುದು, ಕಿಟಕಿಗೆ ಒಳಗಿನಿಂದ ಇನ್ನೊಂದು ಕಿಟಕಿ ಕಟ್ಟುವುದು, ಸಂದಿಗೆಲ್ಲ ಹಳೆಯ ಪೇಪರು ತುರುಕುವುದು, ಮೈದಾ ಗಂಜಿ ಕಾಯಿಸಿ ಅದರ ಮೇಲೆ ಕಾಗದದ ಪಟ್ಟಿ ಅಂಟಿಸುವುದು, ವಸಂತದಲ್ಲಿ ಅದನ್ನೆಲ್ಲ ಚಾಕುವಿನಿಂದ ಹೆರೆದು ತೆಗೆಯುವುದು, ಅಷ್ಟು ಮಾಡಿದರೂ ಬೆಳಗಾದರೆ ಗಾಜಿನ ಮೇಲೆ ನೀರು, ನೀರು ಇಳಿದು ಹಲಗೆಯ ಮೇಲೆ, ಹಲಗೆ ಕೊಳೆಯಬಾರದೆಂದು ಟವೆಲ್ಲು ಸುತ್ತಿ ಇಡುವುದು, ಟವೆಲ್ಲು ಹಿಂಡುವುದು. ನಿನ್ನೆ ರಾತ್ರಿ ಟವೆಲ್ಲು ಇಡಲಿಲ್ಲ, ಬೆಳಿಗ್ಗೆ ಎದ್ದು ಮೊದಲು ಬಂದು ಹಲಗೆ ಮುಟ್ಟಿದೆ, ಒಣಗಿದೆ, ಬ್ರೆಡ್ಡಿನ ಹಲಗೆಯ ಹಾಗೆ ಒಣಗಿದೆ, ಖುಷಿಯಾಗಿ ಒಬ್ಬಳೇ ನಕ್ಕೆ. ಫಾರ್‌ಮೋರ್ ಎದ್ದು ಬಂದವರೇ ಪಿಂಗಾಣಿ ನಾಯಿಗಳನ್ನು ಆ ಒಣಹಲಗೆಯ ಮೇಲೆ ಇಟ್ಟರು, ಈ ಕೊನೆಗೊಂದು ಆ ಕೊನೆಗೊಂದು, ಎರಡರ ಮೂತಿಯೂ ಹೊರಗೆ, ಮಗ ಕಡಲಿನ ಮೇಲಿದ್ದಾನಲ್ಲ, ಅವನು ಮನೆಗೆ ಬಂದ ದಿನ ಒಳಕ್ಕೆ ತಿರುಗಿಸುತ್ತಾರೆ, ಬೀದಿಯ ಹೆಂಗಸರು ನಮ್ಮ ನಾಯಿಗಳ ಮೂತಿ ನೋಡಿಯೇ ಟಾರ್ಕಿಲ್ ಬಂದಿದ್ದಾನೋ ಇಲ್ಲವೋ ತಿಳಿದುಕೊಳ್ಳುತ್ತಾರೆ, ನಿನ್ನೆ ಕಾರ್ಲೋ ತಮಾಷೆ ಮಾಡಿದ್ದರು, ನಾಯಿಗೂ ಇನ್ನು ಚಳಿ ಇಲ್ಲ ಡಾಗ್ನಿ, ಬೊಗಳಿದರೂ ಯಾರಿಗೂ ಕೇಳಲ್ಲ, ಅಂತ, ಡಾಗ್ನಿ ಅಂದರೆ ಫಾರ್‌ಮೋರ್, ಅವರಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಫಾರ್‌ಮೋರ್ ಬಿಡಲಿಲ್ಲ, ನಿನ್ನ ಹೆಂಡತಿಗೂ ಒಂದು ಜೋಡಿಗಾಜು ಹಾಕಿಸಿಕೊಡು ಕಾರ್ಲೋ, ಇಷ್ಟು ವರ್ಷ ನಿನ್ನ ಮಾತು ಕೇಳಿದಾಳೆ ಪಾಪ, ಅಂದರು.

ತೆರೆಯೋ ಕದ ಒಂದು ಇಡಲೇನಮ್ಮಾ ವಿಬೆಕೆ, ಮೇಲ್ಗಡೆ, ಚಿಕ್ಕದು, ಅಂತ ಅಳತೆ ತೆಗೆದುಕೊಳ್ಳಲು ಬಂದ ದಿನ ಕಾರ್ಲೋ ಕೇಳಿದ್ದರು, ಕಿವಿಯ ಮೇಲಿನ ಪೆನ್ಸಿಲು ಕೈಗೆ ತೆಗೆದುಕೊಂಡು, ಬೇಡ ಅಂದೆ, ಕದ ಅಂದರೆ ಸಂದು, ಸಂದು ಅಂದರೆ ಗಾಳಿ, ಮತ್ತೆ ಕಾಗದ ತುರುಕುತ್ತ ಕೂರೋಳು ನಾನೇ, ಇಡೀ ಒಂದೇ ಗಾಜು ಹಾಕಿ, ಬೆಳಕು ಪೂರ್ತಿ ಬರಲಿ. ಹೊಗೆ ಹೋಗೋದು ಹೇಗೆ, ಅಂದರು ಫಾರ್‌ಮೋರ್, ಬಾಗಿಲು ತೆಗೆದರಾಯ್ತು ಅಂದೆ. ಹೆರಿಂಗ್ ಮೀನು ಹುರಿದ ವಾಸನೆ, ಅದೂ ಬಾಗಿಲಿನಿಂದಲೇ ಹೋಗತ್ತೆ. ಮನೆಗೆ ಉಸಿರು ಬೇಡವಾ, ಉಸಿರು ನಮಗೆ ಬೇಕು ಫಾರ್‌ಮೋರ್, ಮನೆಗಲ್ಲ. ಮನೆಯ ಮುಖಕ್ಕೆ ರೆಪ್ಪೆ ಕಿತ್ತ ಹಾಗಿರತ್ತೆ ನೋಡು ಅಂದರು, ಅದು ಮಾತ್ರ ನಿಜ, ಬೀದಿಯಿಂದ ನೋಡಿದರೆ ಸ್ವಲ್ಪ ಹಾಗೇ ಕಾಣುತ್ತದೆ, ಪುಟ್ಟ ಚೌಕಗಳು ಇದ್ದಾಗ ಮನೆ ಕಣ್ಣು ಕಿರಿದು ಮಾಡಿ ನಗುವ ಹಾಗಿತ್ತು, ಈಗ ಕಣ್ಣರಳಿಸಿ ನಿಂತಿದೆ, ಆದರೆ ನಾನು ಬೀದಿಯಲ್ಲಿ ನಿಂತು ಬದುಕುವುದಿಲ್ಲವಲ್ಲ. ಅಕ್ಕನ ಮನೆಯಲ್ಲಿ ಜೋಡಿಗಾಜು ಹಾಕಿಸಿದ ಮರುವರ್ಷ ಬೀರುವಿನ ಹಿಂದಿನ ಗೋಡೆಗೆ ಕಪ್ಪು ಚುಕ್ಕಿ ಬಂತು, ಕಿಟಕಿಯ ಮೇಲೆ ಇಳಿಯುತ್ತಿದ್ದ ತೇವಕ್ಕೆ ಕೂರಲು ಬೇರೆ ತಣ್ಣನೆಯ ಜಾಗ ಬೇಕಾಯಿತು, ಬೀರುವಿನ ಹಿಂದೆ ಹೋಗಿ ಕೂತಿತು, ನಿಜ, ಆದರೆ ಅಕ್ಕ ಬಾಗಿಲು ತೆಗೆದಿಡುವವಳೇ ಅಲ್ಲ, ಅವಳು ಬಟ್ಟೆಯನ್ನೂ ಒಳಗೇ ಒಣಗಿಸುತ್ತಾಳೆ, ನಾನು ಹಾಗೆ ಮಾಡುವುದಿಲ್ಲ, ಬೆಳಿಗ್ಗೆ ಎರಡೂ ಬಾಗಿಲು ತೆಗೆದು ಗಾಳಿಯನ್ನು ಮನೆಯೊಳಗೆ ಒಂದು ಸುತ್ತು ಓಡಿಸಿ ಮುಚ್ಚಿಬಿಡುತ್ತೇನೆ, ಸಾಕು. ಅಂಚಿನ ಅಂಟು ಬಿಟ್ಟರೆ ನಡುವೆ ಮಂಜು ಕೂರುತ್ತದೆ, ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ, ಒರೆಸಲು ಆಗುವುದಿಲ್ಲ, ಕಾರ್ಲೋ ಮುಚ್ಚುಮರೆ ಮಾಡದೆ ಹೇಳಿದರು, ಹಳೆಯದು ಒಡೆದರೆ ನೀನೇ ಒಂದು ಗಾಜು ತಂದು ಪುಟ್ಟಿ ಮೆತ್ತಿಬಿಡ್ತಿದ್ದೆ, ಇದು ಒಡೆದರೆ ಇಡೀದನ್ನ ಕಾರ್ಖಾನೆಯಿಂದಲೇ ತರಿಸಬೇಕು, ತಿಳ್ಕೊಂಡಿರು. ತಿಳಿದುಕೊಂಡೇ ಹೂಂ ಅಂದೆ. ಕಾರಿಗೂ ಮನೆ ಕಾಯಿಸಲಿಕ್ಕೂ ಎಣ್ಣೆ ಸಿಗದ ಆ ಚಳಿಗಾಲ ನೆನಪಿದೆ ನನಗೆ, ಭಾನುವಾರ ಯಾರೂ ಕಾರು ತೆಗೆಯಬಾರದು ಅಂದಿದ್ದರು, ಇಡೀ ರಸ್ತೆ ಮಕ್ಕಳ ಚಕ್ರದ ಸ್ಕೇಟಿಗೆ, ಚೆನ್ನಾಗಿತ್ತು, ಆದರೆ ರಾತ್ರಿ ಕೋಟು ಹಾಕಿಕೊಂಡು ಮಲಗಿದ್ದೆವು, ಮಗಳು ಸಿಸ್ಸೆಲ್ ಆಗ ಹೊಟ್ಟೆಯಲ್ಲಿದ್ದಳು, ಬಿಸಿ ನೀರಿನ ಬಾಟಲಿಯನ್ನು ಹೊಟ್ಟೆಗಿಟ್ಟುಕೊಂಡು ಗಾಜಿನ ಮೇಲಿನ ಮಂಜು ನೋಡುತ್ತಿದ್ದೆ, ಈ ಮನೆ ಒಂದು ದಿನ ಬೆಚ್ಚಗಾಗುತ್ತದೆ, ನಾನು ಮಾಡುತ್ತೇನೆ ಅಂದುಕೊಂಡಿದ್ದೆ, ಮಾಡಿದೆ.

ಆದರೆ ಬೆಚ್ಚಗೆ ಅನ್ನುವುದು ಎಲ್ಲರಿಗೂ ಹೇಳುವ ಕಾರಣ, ಒಳಗಿನ ಕಾರಣ ಬೇರೆ, ಅದು ಟಾರ್ಕಿಲ್‌ಗೂ ಹೇಳಿಲ್ಲ, ಗಾಳಿ ಕೇಳುವುದು ಬೇಡವಾಗಿತ್ತು ನನಗೆ. ಪಶ್ಚಿಮದಿಂದ ಎದ್ದಾಗ ಹಳೆಯ ಕಿಟಕಿ ಮೊದಲು ಸಣ್ಣಗೆ ಶಿಳ್ಳೆ ಹೊಡೆಯುತ್ತಿತ್ತು, ಆಮೇಲೆ ಗಾಜು ಚೌಕಟ್ಟಿನಲ್ಲಿ ಹಲ್ಲು ಕಡಿದ ಹಾಗೆ ನಡುಗುತ್ತಿತ್ತು, ಕೊಕ್ಕೆ ಟಕಟಕ ಅನ್ನುತ್ತಿತ್ತು, ಆ ಟಕಟಕ ಎಷ್ಟು ಬೇಗಬೇಗ ಬರುತ್ತಿದೆ ಎಂಬುದರ ಮೇಲೆ ಅವನ ದೋಣಿ ಎಷ್ಟು ಹೊಯ್ದಾಡುತ್ತಿದೆ ಎಂದು ಲೆಕ್ಕ ಹಾಕುತ್ತ ಮಲಗಿರುತ್ತಿದ್ದೆ, ಮದುವೆಯಾದಂದಿನಿಂದ ಅದೇ ಲೆಕ್ಕ, ಲೆಕ್ಕ ಹಾಕಿ ಯಾರನ್ನೂ ದಡಕ್ಕೆ ತರಲಿಲ್ಲ, ಅವನು ತಾನಾಗಿಯೇ ಬರುತ್ತಿದ್ದ, ಶುಕ್ರವಾರ ಬಂದು ಬೂಟು ಕಳಚಿ ಏನೇ ಇಷ್ಟು ಸೊರಗಿದೀಯ, ನಾನು ಕಡಲಲ್ಲಿ ಚೆನ್ನಾಗಿ ನಿದ್ದೆ ಮಾಡಿದೆ, ನೀನು ಹಾಸಿಗೇಲಿ ಏನ್ ಮಾಡ್ತಿದ್ದೆ, ಅನ್ನುತ್ತಿದ್ದ. ಫಾರ್‌ಮೋರ್‌ಗೆ ಗಾಳಿ ಕೇಳದೆ ನಿದ್ದೆ ಬರುವುದಿಲ್ಲ, ಮಾವ ಕಡಲಿನಲ್ಲಿ ಹೋಗಲಿಲ್ಲ, ತಮ್ಮ ಹಾಸಿಗೆಯಲ್ಲೇ ಹೋದರು, ಆದರೂ ಅವರ ಕೋಣೆಯ ಕಿಟಕಿ ಬದಲಿಸಿದ ಮೇಲೆ ಫಾರ್‌ಮೋರ್ ಬಾಗಿಲನ್ನು ಅಷ್ಟು ತೆರೆದಿಟ್ಟು ಮಲಗುತ್ತಾರೆ, ಗಾಳಿ ಕೇಳದ ಮನೇಲಿ ಗಂಡಸರು ಎಲ್ಲಿದಾರೆ ಅಂತ ಹೇಗೆ ಗೊತ್ತಾಗತ್ತೆ ಅನ್ನುತ್ತಾರೆ, ಗೊತ್ತಾಗಿ ಏನ್ ಮಾಡೋದು ಫಾರ್‌ಮೋರ್ ಅಂದರೆ, ಮಾಡೋದು ಏನಿಲ್ಲ, ಜೊತೆಗಿರೋದು, ಅಂದರು. ಜೊತೆಗಿರೋದು. ನಾನೂ ಜೊತೆಗೇ ಇದ್ದೇನೆ, ನಿದ್ದೆ ಮಾಡಿ ಬೆಳಿಗ್ಗೆ ಎದ್ದು ಮಕ್ಕಳಿಗೆ ನಗುನಗುತ್ತ ಓಟ್ಸ್ ಗಂಜಿ ಬಡಿಸುವ ಹೆಂಡತಿ ಕೂಡ ಜೊತೆಗಿರುವವಳೇ, ನಿನ್ನೆ ರಾತ್ರಿ ಗಾಳಿ ಎದ್ದಿತ್ತಂತೆ, ಬೆಳಿಗ್ಗೆ ರೇಡಿಯೋ ಹೇಳಿತು, ನನಗೆ ಗೊತ್ತೇ ಆಗಲಿಲ್ಲ, ಅಸ್ಗರ್ ಪಕ್ಕದಲ್ಲಿ ಉಸಿರಾಡುವುದೊಂದೇ ಕೇಳುತ್ತಿತ್ತು, ಎಷ್ಟು ಸಣ್ಣ ಸದ್ದು ಅದು, ಹಳೆಯ ಕಿಟಕಿಯ ಗದ್ದಲದಲ್ಲಿ ಅದನ್ನು ನಾನು ಸರಿಯಾಗಿ ಕೇಳಿಯೇ ಇರಲಿಲ್ಲ, ಮೂಗಿನ ತುದಿಯಲ್ಲಿ ಒಂದು ಚೂರು ಸೀಟಿ, ಹಾಗಾದರೆ ಈ ಗಾಜು ನನ್ನ ಮಗುವನ್ನು ನನಗೆ ಹತ್ತಿರ ತಂದಿತೇ ಹೊರತು ದೂರ ಮಾಡಲಿಲ್ಲ, ಇದನ್ನು ಫಾರ್‌ಮೋರ್‌ಗೆ ಹೇಳಬೇಕು, ಕಾಫಿಗೆ ಕೂತಾಗ ಹೇಳುತ್ತೇನೆ.

ಅಮ್ಮಾ ಐಸ್ ಹೂ ಎಲ್ಲಿ ಹೋಯ್ತು, ಅಂತ ಸಿಸ್ಸೆಲ್ ಬೆಳಗಿನಿಂದ ಅದೇ ರಾಗ, ಹಳೆಯ ಗಾಜಿನ ಮೇಲೆ ಚಳಿ ಬಿಡಿಸುತ್ತಿದ್ದ ಬಿಳಿಯ ಎಲೆ, ಬಳ್ಳಿ, ಹೂವು, ಅವಳು ನಾಣ್ಯವನ್ನು ಬಾಯಿಂದ ಊದಿ ಬೆಚ್ಚಗೆ ಮಾಡಿ ಅದರಲ್ಲಿ ದುಂಡಗೆ ತೂತು ಮಾಡಿ ಹೊರಗೆ ಇಣುಕುತ್ತಿದ್ದಳು, ಇನ್ನು ಆ ಹೂ ಬಿಡುವುದಿಲ್ಲ, ಒಳಗಿನ ಗಾಜು ಅಷ್ಟು ತಣ್ಣಗಾಗುವುದಿಲ್ಲ, ಕಾರ್ಲೋ ಅಜ್ಜ ಅದನ್ನ ಎರಡು ಗಾಜಿನ ಮಧ್ಯೆ ಮಡಚಿ ಇಟ್ಟಿದಾರೆ ಕಂದಾ, ಅವರೇ ಹೇಳಿದರಲ್ಲ, ಅವಳು ಸ್ಟೂಲು ಎಳೆದುಕೊಂಡು ಹೋಗಿ ಹತ್ತಿ, ನಾಯಿಗಳ ನಡುವೆ ಮೂಗೊತ್ತಿ ಎರಡು ಗಾಜಿನ ನಡುವೆ ಹುಡುಕುತ್ತಿದ್ದಾಳೆ, ಹುಡುಕಲಿ, ನಾಯಿ ಬೀಳಿಸಬೇಡ, ಫಾರ್‌ಮೋರ್ ಬೈತಾರೆ. ಹಿಟ್ಟು ಕೈಗೆ ಅಂಟುವುದು ಬಿಟ್ಟಿತು, ಇದೇ ಹದ, ಒತ್ತಿದರೆ ಮತ್ತೆ ಏಳುತ್ತದೆ, ಮಗುವಿನ ತೊಡೆಯ ಹಾಗೆ. ಅಸ್ಗರ್‌ಗೆ ಹಲ್ಲು ಬರುವ ಸಮಯ, ಒಸಡು ಮುಟ್ಟಿದರೆ ಗಟ್ಟಿ, ಫಾರ್‌ಮೋರ್ ದಿನಾ ಬೆಳ್ಳಿ ಚಮಚ ತಂದು ಒಸಡಿಗೆ ತಟ್ಟಿ ಕಿವಿಗೊಡುತ್ತಾರೆ, ಟಿಣ್ ಅಂದರೆ ಹಲ್ಲು, ಇನ್ನೂ ಅಂದಿಲ್ಲ, ಮೊದಲು ಕೇಳಿಸಿಕೊಂಡವರು ಕೇಕು ಮಾಡಬೇಕು ಅಂತ ನನಗೂ ಅವರಿಗೂ ಪಂದ್ಯ, ಟಾರ್ಕಿಲ್ ಬರುವ ಹೊತ್ತಿಗೆ ಬಂದರೆ ಚೆನ್ನ, ಶುಕ್ರವಾರಕ್ಕೆ. ಅಮ್ಮಾ, ಅಸ್ಗರ್ ಹಾಡ್ತಿದಾನೆ, ಅಂದಳು ಸಿಸ್ಸೆಲ್. ಹೌದಾ ಕಂದಾ. ಹೂಂ, ಹೀಗೆ, ಆ ಅಂತ. ಹಾಡಲಿ ಬಿಡು, ನಿದ್ದೇಲಿ ಹಾಡ್ತಾನೆ ಅವನು, ಅಂದೆ, ನಿಜವಾಗಿಯೂ ಹಾಡುತ್ತಾನೆ, ಎದ್ದ ಕೂಡಲೇ ಒಂದಿಷ್ಟು ಹೊತ್ತು ತನ್ನ ಪಾಡಿಗೆ ಬಬಬ ಮಮಮ ಅಂತ ಗಾಡಿಯ ಚಾವಣಿಗೆ ಕಥೆ ಹೇಳುತ್ತಾನೆ, ಒಳ್ಳೆಯ ಮಗು, ಸಿಸ್ಸೆಲ್‌ಳ ಹಾಗಲ್ಲ, ಇವಳು ಕಣ್ಣು ಬಿಟ್ಟರೆ ಬೀದಿಗೆಲ್ಲ ಕೇಳಬೇಕಿತ್ತು, ಇವನು ತಾಳುತ್ತಾನೆ, ನನ್ನ ಹಾಗೆ, ಹಿಟ್ಟನ್ನು ಬೋಗುಣಿಗೆ ಹಾಕಿದೆ, ಬಟ್ಟೆ ಮುಚ್ಚಿದೆ, ಎಲ್ಲಿಡಲಿ, ಯಾವಾಗಲೂ ಒಲೆಯ ಪಕ್ಕವೇ ಇಡಬೇಕಿತ್ತು, ಈಗ ಎಲ್ಲಿಟ್ಟರೂ ಉಬ್ಬುತ್ತದೆ, ಕಿಟಕಿಯ ಹತ್ತಿರವೇ ಇಡಬಹುದು, ನೋಡಿ ಫಾರ್‌ಮೋರ್, ಕಿಟಕಿಯ ಹತ್ತಿರ ಹಿಟ್ಟು ಉಬ್ಬಿತು ಅಂತ ತೋರಿಸಬಹುದು. ಬಾಣಲೆ ತೊಳೆಯುವುದಿದೆ, ಆಲೂಗಡ್ಡೆ ಸುಲಿಯುವುದಿದೆ, ಸುಲಿದೆ, ಅರ್ಧ ಪಾತ್ರೆ, ಸಿಸ್ಸೆಲ್ ಸ್ಟೂಲಿನಿಂದ ಇಳಿದು ಬಣ್ಣದ ಪೆನ್ಸಿಲು ತರಲು ಹೋದಳು, ಐಸ್ ಹೂ ಅವಳೇ ಬರೆಯುತ್ತಾಳಂತೆ, ಬರಿ, ಆದರೆ ಕಾಗದದ ಮೇಲೆ, ಗಾಜಿನ ಮೇಲಲ್ಲ, ಎಷ್ಟು ನಿಶ್ಶಬ್ದ, ಸಿಪ್ಪೆ ನೀರಿಗೆ ಬಿದ್ದದ್ದು ಕೇಳುತ್ತದೆ, ಪಕ್ಕದ ಕೋಣೆಯಲ್ಲಿ ಫಾರ್‌ಮೋರ್‌ರ ಹೆಣಿಗೆ ಕಡ್ಡಿ ಕೇಳುತ್ತದೆ, ಕಡ್ಡಿಗೆ ಕಡ್ಡಿ ತಾಗಿದ್ದು, ಇಷ್ಟೆಲ್ಲ ಕೇಳುವ ಕಿವಿ ನನ್ನದು.

ಮೋಡ ಬಂತು, ಹೊತ್ತಲ್ಲದ ಹೊತ್ತಿಗೆ ಕತ್ತಲು, ಫೆಬ್ರವರಿ ಹೀಗೇ, ಮೇಜಿನ ಮೇಲಿನ ದೀಪ ಹಾಕಿದೆ, ಹಾಕುತ್ತಲೇ ಗಾಜಿನಲ್ಲಿ ಎರಡು ದೀಪ, ಒಂದು ಎದುರಿಗೆ, ಅದಕ್ಕೊಂದು ಚೂರು ಹಿಂದೆ ಇನ್ನೊಂದು, ಒಂದು ಗಾಜಿಗೊಂದು, ಎಷ್ಟು ಚಂದ, ಅರೆ, ನನ್ನ ಮುಖವೂ ಎರಡು, ಅಂಚಿಗೆ ಅಂಚು ಸರಿಯಾಗಿ ಕೂರದ ಎರಡು ವಿಬೆಕೆಯರು, ಸಿಸ್ಸೆಲ್ ಬಾ ಇಲ್ಲಿ, ಅಮ್ಮ ಇಬ್ಬರಾಗಿದಾರೆ ನೋಡು, ಅಂತ ಕರೆಯಲು ಬಾಯಿ ತೆರೆದು ಕಿಟಕಿಯ ಹತ್ತಿರ ಬಾಗಿದೆ, ನನ್ನ ಎರಡು ಬಾಯಿಗಳ ಹಿಂದೆ, ಆಚೆ, ಎರಡು ನಾಯಿಗಳ ನಡುವೆ, ಇನ್ನೊಂದು ಬಾಯಿ. ಅವನು ಎದ್ದು ಕೂತಿದ್ದಾನೆ. ಹೊದಿಕೆ ಕಾಲಿನ ಕಡೆ ಒದ್ದುಹೋಗಿದೆ, ಒಂದು ಕೈಗವಸು ಇಲ್ಲ, ಬರಿಗೈ ಪಟ್ಟಿಯನ್ನು ಹಿಡಿದು ಜಗ್ಗುತ್ತಿದೆ, ಟೊಪ್ಪಿ ಒಂದು ಕಣ್ಣಿನ ಮೇಲೆ ಇಳಿದಿದೆ, ಇನ್ನೊಂದು ಕಣ್ಣು ನನ್ನನ್ನೇ ನೋಡುತ್ತಿದೆ, ಎಷ್ಟು ಹೊತ್ತಿನಿಂದ ನೋಡುತ್ತಿದೆಯೋ, ದೀಪ ಹಾಕಿದ ಮೇಲೆ ನಾನು ಅವನಿಗೆ ಪೂರ್ತಿ ಕಾಣಿಸುತ್ತಿದ್ದೇನೆ, ಅಮ್ಮ ಅಲ್ಲಿಯೇ ಇದ್ದಾಳೆ, ಕೈಯಳತೆಯಲ್ಲಿ, ತಿರುಗಿ ನೋಡುತ್ತಿಲ್ಲ, ಬಾಯಿ ಅಗಲಕ್ಕೆ ತೆರೆದಿದೆ, ಕೆಳಗಿನ ಒಸಡಿನಲ್ಲಿ ಬಿಳಿಯ ಒಂದು ಚುಕ್ಕಿ, ಹಲ್ಲು, ಗಾಜು ಅಷ್ಟು ಸ್ವಚ್ಛ, ಅಷ್ಟು ಚೆನ್ನಾದ ಗಾಜು, ಅಕ್ಕಿಕಾಳಿನ ತುದಿಯಷ್ಟು ಹಲ್ಲು ಕಾಣುತ್ತಿದೆ, ಸದ್ದಿಲ್ಲ. ಹಾಡ್ತಿದಾನೆ ಅಂದಿದ್ದಳಲ್ಲ. ಕೈ ತಾನಾಗಿ ಕೊಕ್ಕೆಗೆ ಹೋಯಿತು, ಕೊಕ್ಕೆ ಇದ್ದ ಜಾಗಕ್ಕೆ, ಅಲ್ಲಿ ಕೊಕ್ಕೆ ಇಲ್ಲ, ಕದವೇ ಇಲ್ಲ, ಕದ ಬೇಡ ಅಂದವಳು ನಾನು, ಅಂಗೈ ಗಾಜಿಗೆ ಬಡಿದೆ, ಅವನಿಗೆ ಅದೂ ಕೇಳಿಸಲಿಲ್ಲ, ಓಡಿದೆ, ಬೂಟುಗಳ ಕೋಣೆ, ಟಾರ್ಕಿಲ್‌ನ ಬೂಟು ಎಡವಿ, ಹಿಂಬಾಗಿಲ ಹಿಡಿಕೆ ಒದ್ದೆ ಕೈಗೆ ಜಾರುತ್ತದೆ, ಮತ್ತೆ ಜಾರುತ್ತದೆ, ಏಪ್ರನ್ನಿನಲ್ಲಿ ಹಿಡಿದು ತಿರುಗಿಸಿದೆ, ಬಾಗಿಲು ತೆರೆಯಿತು, ಗಾಳಿ ಮುಖಕ್ಕೆ ಬಡಿಯಿತು, ಗಾಳಿಯ ಎಲ್ಲ ಸದ್ದೂ ಒಂದೇ ಸಲ, ಹಗ್ಗ, ಶೆಡ್ಡಿನ ತಗಡು, ಹಕ್ಕಿ, ದೂರದ ಕಡಲು, ಎಲ್ಲ ಕೇಳಿಸಿತು, ಅವನದು ಕೇಳಿಸಲಿಲ್ಲ, ಬಾಯಿ ಹಾಗೇ ತೆರೆದಿದೆ, ಸದ್ದಿಲ್ಲ, ಅಳುವ ಮಗು ಒಂದು ಅಳುವಿಗೂ ಮುಂದಿನ ಅಳುವಿಗೂ ನಡುವೆ ಉಸಿರು ಹಿಡಿಯುತ್ತದಲ್ಲ, ತಾಯಂದಿರಿಗೆ ಗೊತ್ತು ಆ ಬಿಡುವು, ಅದು ಮುಗಿಯುವುದೇ ಇಲ್ಲ ಅನ್ನಿಸುವ ಬಿಡುವು, ಆ ಬಿಡುವಿನಲ್ಲಿ ನಾನು ಅಂಗಳ ದಾಟಿದೆ. ಆಮೇಲೆ ಅಳು ಬಂತು, ಒಡೆದ ಅಳು, ಗಂಟಲು ಕಟ್ಟಿಹೋಗಿತ್ತು, ಅಷ್ಟು ಹೊತ್ತು ಕೂಗಿದ್ದ, ಪಟ್ಟಿ ಬಿಚ್ಚಿ ಎತ್ತಿಕೊಂಡ ಮೇಲೆ ಎದೆ ಸುರಿಯಿತು, ಆಗ, ನೋಡಿದ ಮೇಲೆ, ಕೇಳಿದ ಮೇಲೆ, ಅದಕ್ಕೂ ಮುಂಚೆ ಒಂದು ಹನಿಯೂ ಇಲ್ಲ.

ಏನೂ ಆಗಿಲ್ಲ, ಏನೂ ಆಗಿಲ್ಲ ಕಂದಾ, ಕೈ ಮಾತ್ರ ತಣ್ಣಗೆ, ಕೆಂಪು ಮೀನಿನ ಮರಿಯ ಹಾಗೆ, ಒಲೆಯ ಪಕ್ಕ ಕೂತು ಕುಡಿಸುತ್ತಿದ್ದೇನೆ, ಕುಡಿಯುತ್ತಿದ್ದಾನೆ, ನಡುನಡುವೆ ಬಿಕ್ಕುತ್ತಾನೆ, ಹೊಸ ಹಲ್ಲು ತಾಗುತ್ತದೆ, ತಾಗಲಿ. ಫಾರ್‌ಮೋರ್ ಬಂದು ಆ ಕೈಯನ್ನು ತಮ್ಮ ಎರಡು ಕೈಯ ನಡುವೆ ಇಟ್ಟುಕೊಂಡು ಊದಿದರು, ಕೇಳಿದೆಯಾ ನಾನು ಹೇಳಿದ್ದು ಅನ್ನುತ್ತಾರೆ ಅಂತ ಕಾದೆ, ಅನ್ನಲಿ, ಅನ್ನುವ ಹಕ್ಕಿದೆ ಅವರಿಗೆ, ಅವರು ಊದುತ್ತಲೇ ಇದ್ದರು, ಕೊನೆಗೆ, ನಂಗೂ ಕೇಳಿಸಲಿಲ್ಲ ವಿಬೆಕೆ, ಅಂದರು, ಅಷ್ಟೇ. ಸಿಸ್ಸೆಲ್ ಬಾಗಿಲ ಹತ್ತಿರ ನಿಂತು, ಅವನು ಹಾಡ್ತಿರಲಿಲ್ವಾ ಅಮ್ಮಾ ಅಂದಳು, ತುಟಿ ಇಳಿದಿತ್ತು, ಬಾ ಇಲ್ಲಿ ಕಂದಾ, ಈ ಗಾಜಿನಿಂದ ನೋಡಿದರೆ ಯಾರಿಗಾದರೂ ಹಾಗೇ ಕಾಣತ್ತೆ, ನಂಗೂ ಕಾಣತ್ತೆ, ನೀನು ಹೇಳಿದ್ದು ಒಳ್ಳೇದೇ ಆಯ್ತು, ಇನ್ನು ಮೇಲೆ ನೀನು ಹೇಳಿದ ಕೂಡ್ಲೇ ಅಮ್ಮ ಎದ್ದು ನೋಡ್ತಾಳೆ, ಅವಳಿಗೂ ಒಂದು ತೊಡೆ ಕೊಟ್ಟೆ, ಒಬ್ಬ ಈ ಕಡೆ ಒಬ್ಬಳು ಆ ಕಡೆ. ಅಷ್ಟರಲ್ಲಿ ಕಾರ್ಲೋ ಬಂದರು, ಬಣ್ಣದ ಡಬ್ಬಿ ಹಿಡಿದು, ಗಾಳಿ ಅಂದ್ರೆ ಗಾಳಿ, ನಿಮ್ಮ ಮನೇಲಿ ಮಾತ್ರ ಬೇಸಗೆ ನೋಡು, ಅಂತ ಕೈ ಉಜ್ಜಿಕೊಳ್ಳುತ್ತ, ಡಬ್ಬಿ ಕೆಳಗಿಡಿ ಕಾರ್ಲೋ, ಅಂದೆ, ಈ ಗಾಜು ತೆಗೀಬೇಕು. ಅವರು ಫಾರ್‌ಮೋರ್ ಕಡೆ ನೋಡಿದರು, ಫಾರ್‌ಮೋರ್ ನನ್ನ ಕಡೆ. ನನ್ನ ಮಾತೇ, ಅಂದೆ, ಇಲ್ಲಿಗೆ ತೆರೆಯೋ ಕದ ಬೇಕು, ಮೇಲ್ಗಡೆ ಚಿಕ್ಕದಲ್ಲ, ಕೆಳಗಿಂದ, ನಾನು ಕೈ ಹಾಕಿದರೆ ಗಾಡಿ ಸಿಗೋ ಹಾಗೆ. ಇದನ್ನ ಕತ್ತರಿಸೋಕೆ ಆಗಲ್ಲಮ್ಮಾ, ಕತ್ತರಿಸಿದರೆ ಮಧ್ಯದ ಗಾಳಿ ಹೋಯ್ತು, ಹೊಸದಾಗೇ ಮಾಡಿಸಬೇಕು, ಬರೋದಕ್ಕೆ ದಿನ ಹಿಡಿಯತ್ತೆ. ಹಿಡಿಯಲಿ, ಅದೂ ಜೋಡಿಗಾಜೇ ಇರಲಿ, ಬೇರೆ ಕಿಟಕಿಗಳು ಇದ್ದ ಹಾಗೇ ಇರಲಿ, ಅವು ಚೆನ್ನಾಗಿವೆ, ನಂಗೆ ಅದರಲ್ಲಿ ಅನುಮಾನ ಇಲ್ಲ, ಇದು ಬರೋವರೆಗೆ ಹಳೇದನ್ನ ವಾಪಸ್ ಕೂರಿಸಿಕೊಡಿ. ಹಳೇದನ್ನಾ, ಅಂದರು ಕಾರ್ಲೋ, ನಿನ್ನೆ ನೀನೇ ಅದಕ್ಕೆ ಒದೀತಿದ್ದೆಯಲ್ಲಮ್ಮಾ, ಅಂತ ನಗಲು ಹೋಗಿ, ನನ್ನ ತೊಡೆಯ ಮೇಲಿನ ಕೆಂಪು ಕೈ ಕಂಡು ನಗು ನಿಲ್ಲಿಸಿದರು, ಟೊಪ್ಪಿ ತೆಗೆದರು, ಕಾಫಿ ಕೂಡ ಕುಡಿಯದೆ ಉಳಿ ತರಲು ಹೋದರು. ಉಬ್ಬಿದ ಹಿಟ್ಟು ಕಿಟಕಿಯ ಪಕ್ಕ ಬಟ್ಟೆಯನ್ನು ಎತ್ತಿ ನಿಂತಿತ್ತು, ಅದನ್ನು ಯಾರಿಗೂ ತೋರಿಸಲಿಲ್ಲ, ಉಂಡೆ ಕಟ್ಟಿ ಒಲೆಗಿಟ್ಟೆ.

ಈಗ ಪರದೆ ಅಲ್ಲಾಡುತ್ತಿದೆ. ಹಳೆಯ ಕಿಟಕಿ ತನ್ನ ಜಾಗದಲ್ಲಿ ಕೂತಿದೆ, ಸುತ್ತ ಸಂದಿಗೆ ಕಾರ್ಲೋ ಚಿಂದಿ ತುರುಕಿ ಹೋದರು, ಆದರೂ ನನ್ನ ಮೊಣಕೈಗೆ ತಣ್ಣಗೆ ಕೊಯ್ಯುತ್ತದೆ, ಕೊಯ್ಯಲಿ, ಇನ್ನು ಕೆಲವೇ ದಿನ, ಒಂದು ಕದವನ್ನು ಕೊಕ್ಕೆಯ ಮೇಲೆ ಅಷ್ಟು ತೆರೆದಿಟ್ಟಿದ್ದೇನೆ, ಅಸ್ಗರ್ ಮಧ್ಯಾಹ್ನದ ನಿದ್ದೆಗೆ ಮತ್ತೆ ಅಲ್ಲಿಯೇ ಮಲಗಿದ್ದಾನೆ, ಇವತ್ತು ಒಳಗೇ ಮಲಗಿಸು ಅಂದರು ಫಾರ್‌ಮೋರ್, ಇಲ್ಲ, ಅವನ ಜಾಗ ಅದು, ಹೆದರಿ ಅವನ ಜಾಗ ಕಿತ್ತುಕೊಳ್ಳುವುದಿಲ್ಲ, ಹೊಸ ಕೈಗವಸನ್ನು ತೋಳಿಗೆ ಸೇರಿಸಿ ಹೊಲಿದೆ, ಎಲ್ಲ ಸರಿಯಾಗಿದೆ, ಗಾಡಿಯ ಸ್ಪ್ರಿಂಗು ಕೇಳುತ್ತದೆ, ಅವನು ಮಗ್ಗುಲಾದದ್ದು ಕೇಳುತ್ತದೆ, ಮೂಗಿನ ತುದಿಯ ಸೀಟಿ ಕೇಳುತ್ತದೆ ಅನ್ನಿಸುತ್ತದೆ, ಅಷ್ಟು ದೂರದಿಂದ ಕೇಳುವುದಿಲ್ಲ, ಆದರೂ ಅನ್ನಿಸುತ್ತದೆ, ಬೇರೆ ಕೋಣೆಗಳೆಲ್ಲ ಬೆಚ್ಚಗಿವೆ, ಒಣಗಿವೆ, ಅವು ನಾನು ಮಾಡಿಸಿದ್ದು, ಸರಿಯಾಗಿಯೇ ಮಾಡಿಸಿದೆ, ಇಲ್ಲಿ ಮಾತ್ರ ಒಂದು ಕದ ತಪ್ಪಿತು, ಅದನ್ನೂ ಮಾಡಿಸುತ್ತೇನೆ, ಫಾರ್‌ಮೋರ್ ಬೆಳ್ಳಿ ಚಮಚ ತೊಳೆದಿಟ್ಟರು, ಕೇಕು ನೀನೇ ಮಾಡ್ಬೇಕು, ನೀನೇ ಮೊದ್ಲು ಕಂಡೋಳು, ಕೇಳಿದ್ದಲ್ಲ ಫಾರ್‌ಮೋರ್, ಕಂಡಿದ್ದು, ಆಯ್ತು ಮಾಡ್ತೀನಿ, ಶುಕ್ರವಾರಕ್ಕೆ, ಟಾರ್ಕಿಲ್ ಬಂದಾಗ. ಗಾಳಿ ಏರುತ್ತಿದೆ, ಕೊಕ್ಕೆ ಟಕ್ ಅಂತು, ಮತ್ತೆ ಟಕ್, ಇನ್ನೂ ನಿಧಾನ, ಚಿಂತೆ ಇಲ್ಲ, ಅಂಗಿ ಇನ್ನೂ ಹಗ್ಗದ ಮೇಲೇ ಇದೆ, ತೋಳೆತ್ತಿ ಕರೆಯುತ್ತಿದೆ, ಈಗ ಅದರ ಪಟಪಟ ಕೇಳುತ್ತದೆ, ಬಟ್ಟೆ ತರಬೇಕು, ಆಲೂಗಡ್ಡೆ ಇನ್ನೂ ಅರ್ಧ ಇದೆ, ದೀಪ ಹಾಕಬೇಕು, ಹಾಕಿದರೆ ಈಗ ಒಂದೇ ದೀಪ ಕಾಣುತ್ತದೆ, ಒಂದೇ ಮುಖ, ಟಾರ್ಕಿಲ್ ಅಲ್ಲಿ ಹಗ್ಗ ಎಳೆಯುತ್ತ ಪಕ್ಕದವನಿಗೆ ಏನನ್ನೋ ಕೂಗಿ ಹೇಳುತ್ತಿರಬಹುದು, ಗಾಳಿಯಲ್ಲಿ ಅವರಿಗೆ ಒಬ್ಬರದೊಬ್ಬರಿಗೆ ಕೇಳುತ್ತದೋ ಇಲ್ಲವೋ, ಕೇಳಬೇಕು, ಕಿಟಕಿಯ ಹತ್ತಿರ ಹೋಗಿ ಬಾಗಿದೆ, ಮಲಗಿದ್ದಾನೆ, ಕಣ್ಣು ಮುಚ್ಚಿದೆ, ಬಾಯಿ ಮುಚ್ಚಿದೆ, ಕೆನ್ನೆ ಕೆಂಪಗಿದೆ, ಎಲ್ಲ ಸರಿಯಾಗಿದೆ, ತಿರುಗಿ ಬಂದು ಚಾಕು ಹಿಡಿದೆ, ಸಿಪ್ಪೆ ನೀರಿಗೆ ಬಿತ್ತು, ಕೇಳಿತು, ಎರಡು ನಾಯಿಗಳ ನಡುವೆ, ಗಾಜಿನಾಚೆ, ತೆರೆದ ಬಾಯಿ, ಕೆಳಗೆ ಒಂದು ಬಿಳಿಯ ಚುಕ್ಕಿ, ಇಲ್ಲ, ಮಲಗಿದ್ದಾನೆ, ಈಗ ತಾನೇ ನೋಡಿದೆ, ಸ್ಪ್ರಿಂಗು ಕೇಳುತ್ತಿದೆ, ಕೊಕ್ಕೆ ಕೇಳುತ್ತಿದೆ, ತೆರೆದ ಬಾಯಿ, ಬಿಳಿಯ ಚುಕ್ಕಿ, ಅಷ್ಟು ಸ್ವಚ್ಛ ಗಾಜು, ತೆರೆದ ಬಾಯಿ